ಎಡಗಡೆ ಗುಳಿ ಬಿದ್ದ ಮೌತ್‌ಪೀಸು

ಹೆಸರು ತಿಳಿಯದ ಹಿರಿಯರೇ,

ನಮಸ್ಕಾರಕ್ಕಿಂತ ಮೊದಲು ಒಂದು ತಕರಾರು. ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಕ್ಲಾರಿನೆಟ್ ಮೌತ್‌ಪೀಸಿನ ಮೇಲೆ ಒಂದು ಅಕ್ಷರವನ್ನಾದರೂ ಗೀಚಿ ಹೋಗಬಾರದಿತ್ತೇ? ಮಾಡಿದವರ ಮುದ್ರೆ ಸವೆದುಹೋಗಿದೆ, ನಿಮ್ಮ ಹೆಸರಂತೂ ಇಲ್ಲವೇ ಇಲ್ಲ. ಈ ಕಾಗದದ ಮೇಲೆ ಯಾವ ವಿಳಾಸ ಬರೆಯಲಿ ಹೇಳಿ. ನಾನು ಅರ್ಗಿರಿಸ್, ಪೊಗೋನಿ ಬೆಟ್ಟದ ಕಡೆಯ ಕ್ಲಾರಿನೆಟ್ಟಿನವನು. ನೀವು ಬಿಟ್ಟುಹೋದದ್ದು ಈಗ ನನ್ನ ಬಳಿ ಇದೆ.

ಕಳೆದ ಚಳಿಗಾಲದಲ್ಲಿ ನನ್ನ ಬಾಯಿ ಸೊಟ್ಟಗಾಯಿತು. ಬೆಳಿಗ್ಗೆ ಎದ್ದು ಕಾಫಿ ಕುಡಿದರೆ ಅರ್ಧ ಅಂಗಿಯ ಮೇಲೆ ಸುರಿಯಿತು. ಹೆಂಡತಿ ಗ್ಲಿಕೇರಿಯ ಮೊದಲು ನಕ್ಕಳು, ಆಮೇಲೆ ಮುಖ ನೋಡಿ ಕಿರುಚಿಕೊಂಡಳು. ಬಲಗಡೆಯ ಮುಖ ಪೂರಾ ಜೋತುಬಿದ್ದಿತ್ತು. ತಾನಾಗಿ ಸರಿಹೋಗುತ್ತದೆ ಎಂದರು ಡಾಕ್ಟರು. ಕಣ್ಣು ಸರಿಹೋಯಿತು, ಹುಬ್ಬು ಸರಿಹೋಯಿತು, ತುಟಿ ಮಾತ್ರ ಹಾಗೇ ಉಳಿಯಿತು. ಕ್ಲಾರಿನೆಟ್ ಬಾಯಿಗಿಟ್ಟರೆ ಬಲಗಡೆಯಿಂದ ಪುಸ್ಸೆಂದು ಗಾಳಿ. ಎಡಕ್ಕೆ ಸರಿಸಿ ಹಿಡಿದರೆ ಬಾಲ ತುಳಿದ ಬೆಕ್ಕಿನ ಹಾಗೆ ಅರಚುತ್ತಿತ್ತು.

ನಮ್ಮ ತಂಡದ ಹಿರಿಯ, ಪಿಟೀಲಿನ ಜೀಸಿಸ್ ಮಾಮ, ವಸಂತ ಕಳೆಯುವವರೆಗೂ ಕಾದರು. ಆಮೇಲೆ ಮನೆಗೇ ಬಂದು ಕೂತರು.

"ಆಗಸ್ಟ್ ಹಬ್ಬಕ್ಕೆ ಊದ್ತೀಯೋ ಇಲ್ವೋ, ಒಂದೇ ಮಾತಲ್ಲಿ ಹೇಳಿಬಿಡಪ್ಪ. ಇಲ್ಲಾಂದ್ರೆ ಕೊನಿತ್ಸಾದಿಂದ ಬೇರೆಯವನನ್ನ ಕರೆಸ್ತೀನಿ. ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ."

ನಿಮಗೆ ಗೊತ್ತಿರುವುದೇ, ನಮ್ಮಲ್ಲಿ ಹಬ್ಬದ ಮೊದಲ ರಾಗ ಸತ್ತವರದು. ಕ್ಲಾರಿನೆಟ್ ಅವರಿಗಾಗಿ ಅತ್ತ ಮೇಲೆಯೇ ಬದುಕಿರುವವರು ಕುಣಿಯಲು ಏಳುವುದು. ನನ್ನ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವಳಿಗಾಗಿ ಪರ ಊರಿನ ಯಾವನೋ ಬಂದು ಅಳಬೇಕೇ? ಆದರೂ ಬಾಯಿ ಒಪ್ಪಬೇಕಲ್ಲ. ಕೊನೆಗೆ ಕ್ಲಾರಿನೆಟ್ಟನ್ನು ಮಾರಿಬಿಡೋಣವೆಂದು ಯಾನಿನಾ ಪೇಟೆಗೆ ಹೋದೆ.

ಅಲ್ಲಿ ವಾದ್ಯ ರಿಪೇರಿಯ ಮಿಲ್ತೋಸ್ ನನ್ನ ಹಳೆಯ ಸ್ನೇಹಿತ. ಅವನು ನನ್ನ ಕ್ಲಾರಿನೆಟ್ಟನ್ನು ತಿರುಗಿಸಿ ನೋಡುತ್ತಿದ್ದಾಗ, ಸಂಕಟಕ್ಕೆ ನೋಡಲಾರದೆ, ಮೇಜಿನ ಮೇಲಿದ್ದ ಹಳೆಯ ಮೌತ್‌ಪೀಸುಗಳ ಡಬ್ಬಿಯಲ್ಲಿ ಕೈಯಾಡಿಸಿದೆ. ಸಿಕ್ಕಿದ್ದು ನಿಮ್ಮದು. ಕಪ್ಪು ಬಣ್ಣ ಹೋಗಿ ಹಸಿರುಗಂದಿಗೆ ತಿರುಗಿತ್ತು. ಹೆಬ್ಬೆರಳಿನಲ್ಲಿ ತಿಕ್ಕಿ ಮೂಸಿದೆ, ಗಂಧಕದ ವಾಸನೆ. ಹಾಗಾದರೆ ಪ್ಲಾಸ್ಟಿಕ್ ಅಲ್ಲ, ಹಳೆಯ ಗಟ್ಟಿ ರಬ್ಬರು. ಬುಡಕ್ಕೆ ಮೇಣ ಹಚ್ಚಿದ ದಾರ ಸುತ್ತಿತ್ತು, ನನ್ನ ಅಜ್ಜನ ಕಾಲದವರ ಅಭ್ಯಾಸ ಅದು. ರೀಡು, ಅಂದರೆ ಆ ಜೊಂಡಿನ ಪಟ್ಟಿ, ಅದನ್ನು ಬಿಗಿದು ಕಟ್ಟಿದ ದಾರದ ಗೆರೆಗಳು ಮೈತುಂಬ ಇದ್ದವು.

"ಅದಾ? ಕೊಡಿಲ್ಲಿ" ಎಂದು ಮಿಲ್ತೋಸ್ ಕಿತ್ತುಕೊಂಡ. ರೀಡು ಕೂರುವ ಮುಖವನ್ನು ಗಾಜಿನ ಮೇಲಿಟ್ಟು, ತುದಿಯ ಸಂದಿಯೊಳಗೆ ಸಿಗರೇಟಿನ ಕಾಗದ ತೂರಿಸಿದ. ಎಡ ಅಂಚಿನಲ್ಲಿ ಕಾಗದ ಒಳಕ್ಕೆ ಹೋಗುತ್ತಲೇ ಇತ್ತು. ಬಲ ಅಂಚಿನಲ್ಲಿ ಬೇಗ ನಿಂತುಬಿಟ್ಟಿತು.

"ನೋಡ್ದಾ? ಎರಡು ಅಂಚೂ ಒಂದೇ ಸಮ ಇರ್ಬೇಕು. ಯಾವನೋ ಕುಡುಕ ಕೆರೆದು ಹಾಳುಮಾಡಿದ್ದಾನೆ. ರಬ್ಬರ್ ಮಾತ್ರ ಒಳ್ಳೇದು. ಇರು, ಈಗಲೇ ಸಮ ಮಾಡಿಬಿಡ್ತೀನಿ."

ಗಾಜಿನ ಮೇಲೆ ಉಪ್ಪುಕಾಗದ ಹಾಸಿದ. ನಿಮ್ಮದನ್ನು ಬೋರಲಾಗಿಟ್ಟು ಬೆರಳೊತ್ತಿದ. ಅವನ ಲೆಕ್ಕದಲ್ಲಿ ಅವನು ಮಾಡಿದ್ದು ಸರಿಯೇ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಇನ್ನೇನು ಉಜ್ಜಬೇಕು, ಅಷ್ಟರಲ್ಲಿ ಮೇಲ್ಭಾಗದಲ್ಲಿ ನಿಮ್ಮ ಹಲ್ಲಿನ ಗುಳಿ ನನ್ನ ಕಣ್ಣಿಗೆ ಬಿತ್ತು. ಯಾರದ್ದಾದರೂ ಹಲ್ಲು ಊರಿ ಊರಿ ಸವೆಯುವುದು ನಟ್ಟನಡುವೆ. ನಿಮ್ಮದು ಎಡ ಅಂಚಿನಲ್ಲಿತ್ತು. ಬಲಗಡೆ ಹೊಸದರ ಹಾಗೆ ನುಣ್ಣಗಿತ್ತು.

"ಲೋ ಮಿಲ್ತೋ, ಕೈ ತೆಗಿಯೋ!" ಎಂದು ನಾನು ಕಿರುಚಿದ್ದಕ್ಕೆ ಅವನು ಬೆಚ್ಚಿಬಿದ್ದ. "ಏನೋ ಇದು, ನಿಮ್ಮಪ್ಪನ ಆಸ್ತಿ ಹೋದವನ ಹಾಗೆ ಆಡ್ತೀಯ" ಎಂದು ಬೈದ.

ರೀಡು ಕಟ್ಟಿ, ಬಾಯಿಯ ಎಡಮೂಲೆಗೆ ಇಟ್ಟುಕೊಂಡೆ. ನನ್ನ ಹಲ್ಲು ತಾನಾಗಿ ಆ ಗುಳಿಯಲ್ಲಿ ಕೂತಿತು. ಊದಿದೆ. ಅರಚಲಿಲ್ಲ! ತುಂಬಿದ ಸ್ವರ, ಕೆಳಗಿನಿಂದ ಮೇಲಿನವರೆಗೆ ಒಂದೇ ಉಸಿರಿನಲ್ಲಿ ಹತ್ತಿತು. ಮಿಲ್ತೋಸ್ ಭೂತಗನ್ನಡಿ ತೆಗೆದುಕೊಂಡು ಅಂಚುಗಳನ್ನು ಬಹಳ ಹೊತ್ತು ನೋಡಿದ. "ಅರದ ಗೆರೆ ಒಂದೂ ತಪ್ಪಿಲ್ಲ ಕಣೋ. ಬೇಕೂಂತಲೇ ಮಾಡಿದ್ದಾನೆ" ಎಂದ. ಹಾಗೆ ಹೇಳುವಾಗ ಅವನ ದನಿ ಇಳಿದಿತ್ತು.

ಆಗ ನನಗೆ ಅರ್ಥವಾಯಿತು, ಹಿರಿಯರೇ. ನಿಮ್ಮ ಬಲತುಟಿಯೂ ಸೋತಿತ್ತು. ಒತ್ತುವ ತುಟಿಯ ಕಡೆ ಹೆಚ್ಚು ತೆರವು, ಒತ್ತಲಾರದ ಕಡೆ ಕಡಿಮೆ. ಹಾಗೆ ಕೆರೆದರೆ ಸೊಟ್ಟ ಬಾಯಿಗೂ ರೀಡು ಸಮನಾಗಿ ಅದುರುತ್ತದೆ. ಇದನ್ನು ನಿಮಗೆ ಯಾರು ಹೇಳಿಕೊಟ್ಟರು? ಯಾರೂ ಹೇಳಿಕೊಟ್ಟಿರಲಾರರು. ಕೂದಲೆಳೆಯಷ್ಟು ಕೆರೆಯುವುದು, ಊದಿ ನೋಡುವುದು, ಮತ್ತೆ ಕೆರೆಯುವುದು. ಒಂದು ಸಲ ಹೆಚ್ಚಾದರೆ ಮುಗಿಯಿತು, ಕೆರೆದ ರಬ್ಬರು ಮತ್ತೆ ಬೆಳೆಯುವುದಿಲ್ಲ. ಎಂಥ ಎದೆ ನಿಮ್ಮದು! ಹುಟ್ಟಿನಿಂದ ಹಾಗಿದ್ದಿರೋ, ಗುಂಡೇಟು ಬಿದ್ದಿತ್ತೋ, ನನ್ನ ಹಾಗೆ ಒಂದು ಬೆಳಿಗ್ಗೆ ಎದ್ದು ಕಾಫಿ ಚೆಲ್ಲಿಕೊಂಡಿರೋ, ಗೊತ್ತಿಲ್ಲ. ಸಾಕು ಬಿಡು ಎಂದು ನಿಮಗೂ ಜನ ಹೇಳಿರುತ್ತಾರೆ. ಗಟ್ಟಿ ರಬ್ಬರಿನಲ್ಲಿ ಅಷ್ಟು ಆಳದ ಗುಳಿ ಬೀಳಬೇಕಾದರೆ ನೀವು ಆಮೇಲೂ ಒಂದು ಆಯುಷ್ಯವಿಡೀ ಊದಿದ್ದೀರಿ. ಅದನ್ನು ಯೋಚಿಸಿಕೊಂಡು ಬಸ್ಸಿನಲ್ಲಿ ಊರಿನವರೆಗೂ ಅತ್ತೆ.

ಹಬ್ಬದ ಸಂಜೆ ಊರಿನ ಅಂಗಳದ ಚಿನಾರ್ ಮರದ ಕೆಳಗೆ ನನ್ನ ತಾಯಿಗಾಗಿ ಊದಿದೆ. ಸೊಟ್ಟ ಬಾಯಿಯಲ್ಲೇ, ಎಲ್ಲರೆದುರಿಗೆ. ಗ್ಲಿಕೇರಿಯ ಕರವಸ್ತ್ರ ಸಿಗದೆ ಮೇಜಿನ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು. ರಾಗ ಮುಗಿಯಿತು, ಜನ ಕುಣಿಯಲು ಕೈ ಕೈ ಹಿಡಿದು ಎದ್ದರು. ನಾನು ಮಾಮನ ಕಡೆ ಬಗ್ಗಿ, "ಇನ್ನೊಬ್ಬರಿದ್ದಾರೆ ಮಾಮ. ಹೆಸರು ಗೊತ್ತಿಲ್ಲ" ಎಂದೆ.

"ಹೆಸರು ಗೊತ್ತಿಲ್ಲದವರಿಗೆಲ್ಲ ಅಳ್ತಾ ಕೂತ್ರೆ ಕುಣಿಯೋದು ಯಾವಾಗಪ್ಪ?" ಎಂದರು ಮಾಮ.

ಮುಂದಿನ ಮೇಜಿನಲ್ಲಿ ಕಪ್ಪು ಬಟ್ಟೆಯ ಲಂಬ್ರಿನಿ ಅಜ್ಜಿ ಕೂತಿದ್ದರು. ಆ ವಯಸ್ಸಿಗೂ ಅವರ ಕಿವಿ ಬಹಳ ಚುರುಕು. "ಹೆಸರಿದ್ದೋರಿಗೆ ಅವರ ಮನೆಯೋರು ಅಳ್ತಾರೆ ಜೀಸಿಸ್. ಈ ಮಗುಗೆ ಇವನು ಬಿಟ್ರೆ ಯಾರಿದ್ದಾರೆ? ಊದಪ್ಪ ನೀನು" ಎಂದು ಶಿಲುಬೆಯ ಗುರುತು ಮಾಡಿಕೊಂಡರು. ನಿಮ್ಮನ್ನು ಮಗು ಎಂದರು, ಹಿರಿಯರೇ.

ಅಳುವ ರಾಗವನ್ನು ಒಂದು ಹಬ್ಬದಲ್ಲಿ ಎರಡು ಸಲ ನುಡಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಮಾಮ ಪಿಟೀಲನ್ನು ಗಲ್ಲಕ್ಕೊತ್ತಿದರು. ಕುಣಿಯಲು ಎದ್ದಿದ್ದವರು ಒಬ್ಬೊಬ್ಬರಾಗಿ ಕೈ ಬಿಟ್ಟು, ಮತ್ತೆ ಕೂತರು. ಇಡೀ ಊರು ನಿಮಗಾಗಿ ಕೂತಿತು.

ನೀವು ಮಲಗಿರುವ ಮಣ್ಣು ನಿಮಗೆ ಹಗುರವಾಗಿರಲಿ. ಒಂದು ವೇಳೆ ಬದುಕಿದ್ದರೆ ನೂರು ವರ್ಷ ಬಾಳಿ, ಬಂದು ನನ್ನನ್ನು ಚೆನ್ನಾಗಿ ಬೈದು ಹೋಗಿ.

ಎಂದೆಂದಿಗೂ ನಿಮ್ಮವನು,
ಅರ್ಗಿರಿಸ್