ಹೈಡ್ರೋಜನ್ ಕೌದಿ

ಜನವರಿ 29, 2024, ಸೋಮವಾರ

ಮೂರನೇ ಗೆರೆ ಮುಗಿಯಿತು. ಸೂಜಿ ಎರಡು ಮುರಿದವು. ಕೊಪ್ಪಳದ ಕಾಲೇಜಿನ ಸುರೇಖಾ ಮೇಡಂ ಕೊಟ್ಟ ಚಿತ್ರ ನೋಡಿ, ಕಪ್ಪು ಕೌದಿಯ ಮೇಲೆ ಬಿಳಿ ದಾರದಲ್ಲಿ ಹೊಲಿಯುತ್ತಿದ್ದೇನೆ. ಗ್ಯಾಲಕ್ಸಿ ಅಂದರೆ ನಕ್ಷತ್ರಗಳ ಊರು. ನಾಲ್ಕು ಊರು, ಒಂದಕ್ಕೊಂದು ತೀರ ಹತ್ತಿರ. ಸುತ್ತ ಹೈಡ್ರೋಜನ್ ಅನಿಲ, ಈ ಗೆರೆಗಳೆಲ್ಲ ಅದರವು. ಕಣ್ಣಿಗೆ ಕಾಣುವುದಿಲ್ಲವಂತೆ, ಪುಣೆ ಹತ್ತಿರದ ದೊಡ್ಡ ಡಿಶ್‌ಗಳು ಅದರ ರೇಡಿಯೋ ಅಲೆ ಹಿಡಿಯುತ್ತವಂತೆ. ಒಳಗಿನ ಗೆರೆಯಲ್ಲಿ ಅನಿಲ ದಟ್ಟ, ಹೊರಗಿನದರಲ್ಲಿ ತೆಳು. ಸೈನ್ಸ್ ಡೇಗೆ ತೂಗುಹಾಕುತ್ತಾರೆ, ಮಕ್ಕಳು ಮುಟ್ಟಿ ತಿಳಿಯಲಿ ಅಂತ.

ಓದಿದ್ದು ಐದನೇ ಇಯತ್ತೆ. ಮೇಡಂ ಹೇಳುವಾಗ ಬರೀ ತಲೆಯಾಡಿಸಿದೆ.

ಫೆಬ್ರವರಿ 3, ಶನಿವಾರ

ಕೊನೆಯ ಗೆರೆ ಕಾಡುತ್ತಿದೆ. ಒಳಗಿನವೆಲ್ಲ ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತವೆ. ಇದು ಮಾತ್ರ ಕಾಗದದ ಬಲ ಅಂಚಿಗೆ ಹೋಗಿ ನಿಂತಿದೆ. ಎರಡು ತುದಿ, ಎರಡೂ ಬಿಡಿ. ಕೌದಿ ಕಲಿಸಿದ ಕಾಸೀಮಬೀ ಚಾಚಿಗೆ ತೋರಿಸಿದೆ.

"ಅಂಚಿನಗುಂಟ ಕೂಡಿಸಿಬಿಡು. ಮ್ಯಾಲ ಹೋಗಿ ಯಾರು ನೋಡಿ ಬರ್ತಾರ?"

ಕೂಡಿಸಿದೆ.

ಫೆಬ್ರವರಿ 4, ಭಾನುವಾರ, ಬೆಳಿಗ್ಗೆ 7

ರೊಟ್ಟಿ ಬಡಿಯುವಾಗಲೂ ಅದೇ ಗೆರೆ. ಅನಿಲ ಎಲ್ಲಿ ಮುಗಿಯಬೇಕು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆನಲ್ಲ... ಮೇಡಂ ಓದಿದವರು. ಅವರ ಚಿತ್ರದಲ್ಲಿ ತಪ್ಪಿದೆ ಅಂತ ನಾನು ಹೇಗೆ — ಫೋನ್ ಹಿಡಿದೆ, ಇಟ್ಟೆ. ಮೂರು ಸಲ.

ಫೆಬ್ರವರಿ 9, ಶುಕ್ರವಾರ

ಬಸ್ ಹಿಡಿದು ಕೊಪ್ಪಳಕ್ಕೆ ಹೋದೆ. ಕೌದಿ ಟೇಬಲ್ ಮೇಲೆ ಹಾಸಿ, ಬೆರಳಿಟ್ಟು ತೋರಿಸಿದೆ.

"ಇದು ನಾ ಕೂಡಿಸಿದ್ದುರಿ. ಚಿತ್ರದಾಗ ಹಿಂಗಿಲ್ರಿ. ಈ ಗೆರಿ ಎಲ್ಲಿಗೆ ಹೋಗೈತ್ರಿ?"

ಮೇಡಂ ಬಗ್ಗಿ ನೋಡಿದರು. ಕಂಪ್ಯೂಟರ್ ತೆರೆದರು. ಪ್ರಿಂಟ್ ಮಾಡುವಾಗ ಬಲಬದಿ ಕತ್ತರಿಸಿ ಹೋಗಿತ್ತು. ಅಲ್ಲಿತ್ತು — ಉದ್ದಕ್ಕೆ ಹರಿದ ಅನಿಲ. ನಾಲ್ಕೂ ಊರು ಒಂದನ್ನೊಂದು ಜಗ್ಗಾಡಿ ಹೊರಗೆಳೆದದ್ದಂತೆ. ಹೊಸ ನಕ್ಷತ್ರ ಹುಟ್ಟಿಸಬೇಕಿದ್ದ ಅನಿಲ ಯಾವ ಊರಿನಲ್ಲೂ ಇಲ್ಲ, ಬಯಲಲ್ಲಿದೆ.

"ದಿನಾ ನೋಡ್ತೀನಿ, ನನಗ ಕಂಡಿಲ್ಲ. ಮುಖ್ಯ ಸಂಗತೀನೇ ಬಿಟ್ಟುಹೋಗಿತ್ತು ನೋಡು."

ವಾಪಸ್ ಬರುವಾಗ ನಮ್ಮೂರು ಬೇವೂರಿನ ತನಕ ಸೀಟು ಸಿಗಲಿಲ್ಲ. ನಿಂತದ್ದೇ ಗೊತ್ತಾಗಲಿಲ್ಲ.

ಫೆಬ್ರವರಿ 17, ಶನಿವಾರ

ಕೂಡಿಸಿದ್ದು ಬಿಚ್ಚಿದೆ. ಅವ್ವನ ಕರೀ ಸೀರೆಯಿಂದ ಪಟ್ಟಿ ಹರಿದು ಬಲಕ್ಕೆ ಜೋಡಿಸಿ, ಗೆರೆಯನ್ನು ಅದರ ಮೇಲೆ ಮುಂದುವರಿಸಿದೆ. ಮೊಳದಷ್ಟು ಹೊರಬಿದ್ದಿದೆ. ಕೌದಿಗೆ ಬಾಲ ಬಂತು ಅಂತ ಚಾಚಿ ನಕ್ಕಳು. ನಗಲಿ.

ಫೆಬ್ರವರಿ 28, ಬುಧವಾರ

ಕಾಲೇಜಿನಲ್ಲಿ ಸೈನ್ಸ್ ಡೇ. ತೂಗುಹಾಕಿದ ಕೌದಿಯ ಕೆಳಗೆ ಚೀಟಿ. ಹೊಲಿಗೆ: ನೇತ್ರಾವತಿ, ಬೇವೂರು. ನನ್ನ ಹೆಸರು, ಅಚ್ಚಿನ ಅಕ್ಷರದಲ್ಲಿ. ಕಂಬದ ಹಿಂದೆ ನಿಂತು ಎರಡು ಸಲ ಓದಿದೆ.

ಕೌದಿ ಇಲ್ಲಿ ಯಾಕೆ ಹೊರಗೆ ಬಂದಿದೆ ಎಂದು ಒಬ್ಬ ಹುಡುಗಿ ಕೇಳಿದಳು. ಮೇಡಂ ನನ್ನ ಕಡೆ ನೋಡಿದರು. ಕಂಬ ಬಿಟ್ಟು ಹತ್ತಿರ ಹೋದೆ. ಅವಳ ಬೆರಳು ಹಿಡಿದು ಹೊರಗಿನ ಗೆರೆಯ ಮೇಲಿಟ್ಟೆ.

"ದಾರ ಬಿಡಬ್ಯಾಡವಾ, ಬಾ."

ಒಂದು ಗ್ಯಾಲಕ್ಸಿ ದಾಟಿದೆವು. ಎರಡು. ಹಿಂದೆ ಜನ ಸೇರುತ್ತಿದ್ದರು, ನಿಲ್ಲಿಸಲಿಲ್ಲ. ಅಂಚು ಬಂತು — ಅಂಚಿನಾಚೆ ಪಟ್ಟಿ — ಅನಿಲ ಇಲ್ಲಿಂದ ಊರು ಬಿಟ್ಟು ಹೊರಟಿದೆ ಅಂದೆ, ನನ್ನ ದನಿ ನನಗೇ ಕೇಳಿಸಿತು, ತುದಿ ಮುಟ್ಟಿದೆವು, ಅಲ್ಲಿಂದ ತಿರುಗಿ ಹೊರಟಲ್ಲಿಗೇ ಬಂದು ಸೇರಿದೆವು.