ಬಾಗಿಲು ತೆರೆದ ಕಾರಣ

ಸಲಾಲಾ, ಭಾನುವಾರ

ಕಮಾಂಡರ್ ಹಿಮ್ಯಾರ್ ಅವರಿಗೆ ಸಲಾಂ.

ಮಂಗಳಯಾನದ ತಾಲೀಮಿಗೆಂದು ಮರುಭೂಮಿಯಲ್ಲಿ ಕಟ್ಟಿದ ನಮ್ಮ ಶಿಬಿರದಿಂದ ನಾನು ಹೊರಬಿದ್ದು ಎಂಟು ದಿನವಾಯಿತು. ನನಗೆ ಕಾಯಿಲೆಯಾಗಿತ್ತೆಂದು ನೀವು ವರದಿಯಲ್ಲಿ ಬರೆದಿದ್ದೀರಂತೆ. ನಿಜವಾದ ಯಾನದ ಆಯ್ಕೆಪಟ್ಟಿಯಲ್ಲಿ ನನ್ನ ಹೆಸರು ಉಳಿಯಲೆಂದು ಹಾಗೆ ಮಾಡಿದ್ದೀರಿ, ಗೊತ್ತು. ದಯವಿಟ್ಟು ಅದನ್ನು ತಿದ್ದಿ.

ಅಪ್ಪನಿಗೆ ಹೃದಯಾಘಾತವಾದ ಸುದ್ದಿ, ಮಂಗಳಕ್ಕೆ ಸಂದೇಶ ತಲುಪುವಷ್ಟೇ ಹೊತ್ತು ತಡೆಹಿಡಿಯುವ ನಮ್ಮ ನಿಯಮದಂತೆ, ಇಪ್ಪತ್ತು ನಿಮಿಷ ತಡವಾಗಿ ಬಂತು. ಈಗ ಹೇಗಿದ್ದಾರೆ ಎಂದು ಕೇಳಿದರೆ ಉತ್ತರಕ್ಕೆ ಇನ್ನೂ ನಲವತ್ತು ನಿಮಿಷ ಕಾಯಬೇಕಿತ್ತು. ನನ್ನಿಂದ ಆಗಲಿಲ್ಲ.

"ಗಾಲಿಯಾ, ನಿಜವಾದ ಮಂಗಳದಲ್ಲಿ ಈ ಬಾಗಿಲಾಚೆ ಉಸಿರಾಡೋಕೆ ಗಾಳೀನೇ ಇರಲ್ಲ ಕಣಮ್ಮಾ" ಎಂದಿರಿ. ಆದರೂ ನೀವೇ ಚಿಲಕ ತೆಗೆದಿರಿ.

ಇಲ್ಲಿನ ಆಸ್ಪತ್ರೆಯಲ್ಲಿ ಅಪ್ಪ ನನ್ನನ್ನು ನೋಡಿ, "ಏನೇ, ಮಂಗಳ ಇಷ್ಟು ಹತ್ತಿರಾನಾ?" ಎಂದು ನಕ್ಕರು. ಮೂರನೆಯ ದಿನ ತೀರಿಕೊಂಡರು.

ಮುಂದೆ ನಿಜವಾಗಿ ಹೊರಡುವವರಿಗಾಗಿ ನಮ್ಮ ಊಟ, ನೀರು, ನಿದ್ದೆ, ಜಗಳ ಎಲ್ಲವನ್ನೂ ಬರೆದಿಟ್ಟಿದ್ದೇವೆ. ಇದನ್ನೂ ಬರೆಯಿರಿ: ನೂರಾ ಎಂಬತ್ತನೆಯ ದಿನ ತಂಡದ ಏಕೈಕ ವೈದ್ಯೆ ಐವರನ್ನು ಬಿಟ್ಟು ಅಪ್ಪನನ್ನು ನೋಡಲು ಹೋದಳು. ಮತ್ತೆ ಅಂಥ ಸುದ್ದಿ ಬಂದರೂ ಹೋಗುತ್ತಾಳೆ.

ನಮ್ಮ ತಂಡದ ನಾಸಿರ್ ಅವರ ರಕ್ತದೊತ್ತಡದ ಮಾತ್ರೆಗಳು ಔಷಧದ ಕಪಾಟಿನ ಕೆಳಗಿನ ಖಾನೆಯಲ್ಲಿವೆ. ಆಯ್ಕೆಪಟ್ಟಿಯಿಂದ ನನ್ನ ಹೆಸರನ್ನು ನೀವೇ ತೆಗೆಯಿರಿ. ಬೇರೆಯವರು ತೆಗೆದರೆ ನನಗೆ ನೋವಾಗುತ್ತದೆ.

ನಿಮ್ಮ ತಂಡದಲ್ಲಿದ್ದ,
ಡಾ. ಗಾಲಿಯಾ