ಪಿಯಾನೊ ಕಛೇರಿಯ ಊಟ

ಸಂತಪುರ
೧೯ ಫೆಬ್ರುವರಿ ೨೦೨೫

ಮುದ್ದಿನ ಮಗಳು ಪ್ರಣಿತಾಗೆ ಅವ್ವನ ಜೈ ಭೀಮ.

ಹನ್ನೆರಡು ದಿನದಿಂದ ನಿನ್ನ ಫೋನು ಎತ್ತಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ಗಾಬರಿಯಾಗಬೇಡ, ಗಟ್ಟಿಯಾಗಿದ್ದೇನೆ. ನಿನ್ನ ದನಿ ಕೇಳಿದರೆ ಸಿಟ್ಟು ಇಳಿದುಹೋಗುತ್ತದೆ, ಇಷ್ಟು ಬೇಗ ಇಳಿಯುವುದು ನನಗೆ ಬೇಕಾಗಿಲ್ಲ. ಅದಕ್ಕೇ ಈ ಕಾಗದ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಬೀದರಿನ ಕಲಾ ಸಂಗ್ರಹಾಲಯದಲ್ಲಿ ನಿನ್ನ ಮೊದಲ ಪಿಯಾನೊ ಕಛೇರಿ, ಮಧ್ಯಾಹ್ನ ಊಟದ ವೇಳೆ, ಎಲ್ಲರಿಗೂ ಉಚಿತ ಎಂದು ನೀನು ಕಳಿಸಿದ ಕಾರ್ಡಿನಲ್ಲಿತ್ತು. ನಮ್ಮ ಬುದ್ಧವಿಹಾರದಲ್ಲಿ ಯಾರ ಮಗು ಮೊದಲ ಸಲ ಹಾಡಿದರೂ ಬಂದವರಿಗೆ ಊಟ ಹಾಕುವುದು ಆ ಮನೆಯವರೇ ಅಲ್ಲವೇ? ಊಟದ ವೇಳೆ ಅಂದಮೇಲೆ ಇನ್ನು ಕೇಳುವುದೇನು ಎಂದುಕೊಂಡೆ. ನಸುಕಿನಲ್ಲೆದ್ದು ಅರವತ್ತು ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗೋಧಿ ಹುಗ್ಗಿ ಮಾಡಿ, ರಾಜರತ್ನ ಕಾಕಾನ ಟಂಟಂ ಆಟೊದಲ್ಲಿ ಹೇರಿಕೊಂಡು ಬಂದೆ. ಆ ಜನ ಅರ್ಧ ತಾಸು ವಾದ್ಯ ಕೇಳಿ, ತಮ್ಮ ಡಬ್ಬಿ ತಾವು ಉಂಡು ಆಫೀಸಿಗೆ ಹೋಗುವವರೆಂದು ನನಗೇನು ಗೊತ್ತು!

ಬಾಗಿಲಲ್ಲಿ ಪಾತ್ರೆ ಇಳಿಸುತ್ತಿದ್ದಾಗ ಅಲ್ಲಿನ ಮ್ಯಾನೇಜರ್ ಮೇಡಂ ಯಾರಿವರು ಎಂದು ಕೇಳಿದರು. ನೀನು ನನ್ನನ್ನು ನೋಡಿದೆ. ನೋಡಿಯೇ ಹೇಳಿದೆ, "ಅಡಗಿ ಮಾಡಾಕಿ ಇರಬೇಕ್ರಿ, ಜಾಗಾ ತಪ್ಪಿ ಬಂದಾಳ." ಗಾಬರಿಯಲ್ಲಿ ಬಾಯಿ ತಪ್ಪಿತು ಎಂದು ಈಗ ಮೆಸೇಜು ಹಾಕಿದ್ದೀಯ. ತಪ್ಪಿದ ಬಾಯಿ ಅಷ್ಟು ಸಲೀಸಾಗಿ 'ರಿ' ಹಚ್ಚಿ ಮಾತಾಡುವುದಿಲ್ಲ ಪ್ರಣಿ.

ನಾನು ಆಗಲೇ ಹೊರಟುಹೋದೆ ಎಂದು ತಿಳಿದಿದ್ದೀಯ. ಇಲ್ಲ. ಕಾವಲಿನ ಮುಸ್ತಕೀಮ ಭಾಯಿ ತಮ್ಮ ಸ್ಟೂಲು ಕೊಟ್ಟು, "ಕೂಡ್ರಿ ಅಕ್ಕಾರ, ಇಲ್ಲಿಂದನೂ ಕೇಳಸ್ತದ" ಎಂದರು. ಬಾಗಿಲ ಸಂದಿಯಿಂದ ನಿನ್ನ ಕೈಗಳಷ್ಟೇ ಕಾಣುತ್ತಿದ್ದವು. ಆ ಸಂಗೀತ ನನಗೆ ತಿಳಿಯಲಿಲ್ಲ. ನಡುವೆ ಒಮ್ಮೆ ನೀನು ನಿಲ್ಲಿಸಿದಾಗ ಚಪ್ಪಾಳೆ ಹೊಡೆಯಲು ಕೈ ಎತ್ತಿದೆ. ಬೇರೆ ಯಾರೂ ಹೊಡೆಯಲಿಲ್ಲ, ಇಳಿಸಿದೆ. ಅಡುಗೆಯವಳಿಗೆ ಚಪ್ಪಾಳೆಯ ಉಸಾಬರಿ ಯಾಕೆ?

ಊಟ ಹಾಳಾಗಲಿಲ್ಲ. ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಹಮಾಲರು ತೊಗರಿ ಚೀಲ ಇಳಿಸುತ್ತಿದ್ದರು, ಅಲ್ಲೇ ಬಡಿಸಿದೆವು. "ಏನ್ ಕಾರ್ಯಕ್ರಮರಿ ಬಾಯಿ?" ಎಂದು ಒಬ್ಬರು ಕೇಳಿದರು. ನನ್ನ ಮಗಳ ಮೊದಲ ಕಛೇರಿ ಎಂದೆ. ನಿನಗೆ ಒಳ್ಳೆಯದಾಗಲಿ ಎಂದು ಹೇಳಿ ಅವರು ಎರಡನೇ ಸಲ ಹುಗ್ಗಿ ಹಾಕಿಸಿಕೊಂಡರು. ನಾನು ಟಂಟಂನ ಹಿಂದೆ ಹೋಗಿ ಅತ್ತೆ.

ಮುಂದಿನ ತಿಂಗಳು ಮತ್ತೆ ನುಡಿಸುವುದಿದೆ, ಬಾ ಎಂದು ಕರೆದಿದ್ದೀಯ. ಬರುತ್ತೇನೋ ಇಲ್ಲವೋ ಇವತ್ತು ಹೇಳಲಾರೆ. ಬಂದರೆ ಯಾರೆಂದು ಬರಲಿ? ಅದನ್ನು ನೀನೇ ಹೇಳಬೇಕು.

ನಿನ್ನ ಅವ್ವ
ಅಂಜನಾಬಾಯಿ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ನೀನು ಆರನೇ ಇಯತ್ತೆಯಲ್ಲಿದ್ದಾಗ ಬೀದರಿನಲ್ಲಿ ಬಾಡಿಗೆಗೆ ಖೋಲಿ ಹುಡುಕಿದ್ದೆವು. ಮೂರು ಮನೆಯವರು ನಮ್ಮ ಅಡ್ಡಹೆಸರು ಕೇಳಿ ಬಾಗಿಲು ಹಾಕಿಕೊಂಡರು. ನಾಲ್ಕನೇ ಮನೆಯಲ್ಲಿ ನಾನು ಬೇರೆ ಜಾತಿಯವರ ಅಡ್ಡಹೆಸರು ಹೇಳಿದೆ. "ಸಾಲ್ಯಾಗ ಕೇಳಿದರೂ ಹಿಂಗೇ ಹೇಳು" ಎಂದು ನಿನ್ನ ರಟ್ಟೆ ಚಿವುಟಿದೆ. ನಮ್ಮಪ್ಪನ ಹೆಸರು ಬೇಡವೇ ಎಂದು ನೀನು ಅತ್ತೆ. ಖೋಲಿ ಸಿಕ್ಕ ಖುಷಿಯಲ್ಲಿ ನಿನಗೆ ಜಿಲೇಬಿ ಕೊಡಿಸಿ ಸುಮ್ಮನಾಗಿಸಿದೆ. ನಮ್ಮವರನ್ನು ನಮ್ಮವರಲ್ಲ ಎನ್ನುವುದನ್ನು ನಿನಗೆ ಕಲಿಸಿದವಳು ನಾನೇ ಮಗಾ.